ಗಲ್ಲಾದಲ್ಲಿ ಜಾಗವಿಲ್ಲದ ದುಡ್ಡು

ಹೋದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಮ್ಮ ನಮ್ಮ ಬ್ಯಾಂಕಿಗೆ ಬಂದರು. ಕೌಂಟರಿನಲ್ಲಿ ಕನ್ನಡದವಳು ಇದ್ದಾಳೆ ಅಂತ ಮಗಳು ಹೇಳಿ ಕಳಿಸಿದ್ದಳು. ಪರ್ಸಿನೊಳಗಿನ ಪ್ಲಾಸ್ಟಿಕ್ ಕವರಿನಿಂದ ಒಂದು ನೋಟು ತೆಗೆದು ನನ್ನ ಮುಂದಿಟ್ಟರು.

“ನೋಡಮ್ಮಾ, ಇದು ಖೋಟಾ ನೋಟಂತೆ. ಅಂಗಡಿ ಹುಡುಗಿ ತಗೊಳ್ಳಲೇ ಇಲ್ಲ. ಬೀಗರು ಕೊಟ್ಟಿದ್ದು. ಅವರ ಹತ್ತಿರ ಹೇಗೆ ಹೇಳೋದು?”

ಅದು 2 ಡಾಲರಿನ ನೋಟು. ನೂರಕ್ಕೆ ನೂರು ಅಸಲಿ.

ಅಮೆರಿಕದ ನ್ಯೂ ಜೆರ್ಸಿಯ ಒಂದು ಸಣ್ಣ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ಮಾತು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. 2 ಡಾಲರ್ ನೋಟು, ಅರ್ಧ ಡಾಲರ್ ನಾಣ್ಯ, 1 ಡಾಲರ್ ನಾಣ್ಯ. ಈ ಮೂರನ್ನು ಕಂಡರೆ ಕೆಲವರಿಗೆ ಅನುಮಾನ, ಕೆಲವರಿಗೆ ನಿಧಿ ಸಿಕ್ಕಿದ ಸಂಭ್ರಮ. ಸುಮ್ನೆ ಖರ್ಚು ಮಾಡುವವರು ಮಾತ್ರ ಬಹಳ ಕಡಿಮೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಇಲ್ಲಿನ ಅಂಗಡಿಯ ಗಲ್ಲಾವನ್ನು ಒಮ್ಮೆ ನೋಡಬೇಕು. ಸಾಮಾನ್ಯವಾಗಿ ನೋಟಿಗೆ ಐದು ಖಾನೆ, ಚಿಲ್ಲರೆಗೆ ಐದು ಖಾನೆ. 1, 5, 10, 20ರ ನೋಟುಗಳಿಗೆ ಒಂದೊಂದು, ದೊಡ್ಡ ನೋಟು ಮತ್ತು ಚೆಕ್ಕಿಗೆ ಇನ್ನೊಂದು. ಕೆಳಗೆ ಪೆನ್ನಿ, ನಿಕ್ಕಲ್, ಡೈಮ್, ಕ್ವಾರ್ಟರ್, ಅಂದರೆ 1, 5, 10, 25 ಸೆಂಟಿನ ನಾಣ್ಯಗಳು. ಉಳಿದ ಖಾನೆಯಲ್ಲಿ ಬಿಡಿಸದ ಚಿಲ್ಲರೆ ಸುರುಳಿ, ರಬ್ಬರ್ ಬ್ಯಾಂಡು. 2 ಡಾಲರ್ ನೋಟಿಗೆ ಅಲ್ಲಿ ಮನೆಯೇ ಇಲ್ಲ. ಕ್ಯಾಷಿಯರ್ ಅದನ್ನು ಟ್ರೇ ಎತ್ತಿ ಅಡಿಗೆ ಹಾಕುತ್ತಾನೆ. ಹಾಗೆ ಅಡಿಗೆ ಹೋದ ನೋಟು ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ಬರುವುದಿಲ್ಲ. ರಾತ್ರಿ ಲೆಕ್ಕವಾಗಿ ನೇರ ಬ್ಯಾಂಕಿಗೆ ಬರುತ್ತದೆ. ಜನ ನೋಡುವುದಿಲ್ಲ, ನೋಡದ್ದರಿಂದ ನಂಬುವುದಿಲ್ಲ.

ನಮ್ಮೂರಲ್ಲಿ 10 ರೂಪಾಯಿ ನಾಣ್ಯಕ್ಕೂ ಇದೇ ಗತಿ ಆಗಿತ್ತಲ್ವಾ? ಅಂಗಡಿಯವರು, ಆಟೋದವರು ಬೇಡ ಅಂದರು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು 14 ವಿನ್ಯಾಸಗಳಲ್ಲಿ ಈ ನಾಣ್ಯ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ಹೇಳಬೇಕಾಯಿತು.

2 ಡಾಲರಿನ ನೋಟು ಹೊಸದೇನಲ್ಲ. 1862ರಿಂದ ಇದೆ. 1966ರಲ್ಲಿ ಅಚ್ಚು ಹಾಕುವುದನ್ನು ನಿಲ್ಲಿಸಿದರು. ಅಮೆರಿಕ ಸ್ವಾತಂತ್ರ್ಯ ಘೋಷಿಸಿ 200 ವರ್ಷ ತುಂಬಿದ 1976ರಲ್ಲಿ ಮತ್ತೆ ತಂದರು. ಮುಂದೆ ಥಾಮಸ್ ಜೆಫರ್ಸನ್ ಚಿತ್ರ, ಹಿಂದೆ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಒಪ್ಪಿಸುತ್ತಿರುವ ದೃಶ್ಯ, ಜಾನ್ ಟ್ರಂಬಲ್ ಬರೆದ ವರ್ಣಚಿತ್ರದ್ದು. ಬಿಡುಗಡೆಗೆ ಆರಿಸಿದ ದಿನ ಜೆಫರ್ಸನ್ ಹುಟ್ಟಿದ ದಿನವಾದ ಏಪ್ರಿಲ್ 13. ಆವತ್ತು ಏನಾಯಿತು ಗೊತ್ತಾ? ಜನ ನೋಟನ್ನು ಪೋಸ್ಟ್ ಆಫೀಸಿಗೆ ತೆಗೆದುಕೊಂಡು ಹೋದರು. ಅದರ ಮೇಲೆ ಸ್ಟಾಂಪ್ ಅಂಟಿಸಿ ಆ ದಿನದ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿ ಭದ್ರ ಮಾಡಿದರು. ಖರ್ಚು ಮಾಡಲಿ ಅಂತ ಕೊಟ್ಟ ನೋಟು ಮೊದಲ ದಿನವೇ ನೆನಪಿನ ಕಾಣಿಕೆ ಆಯಿತು. ಇವತ್ತಿಗೂ ಆ ಸ್ಟಾಂಪಿನ ನೋಟುಗಳು ನನ್ನ ಕೌಂಟರಿಗೆ ಬರುತ್ತವೆ. ಅಜ್ಜ ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಸಿಕ್ಕಿತು ಅಂತ ಮೊಮ್ಮಕ್ಕಳು ತರುತ್ತಾರೆ.

ಅದಕ್ಕೂ ಹಳೆಯ ಭಯ ಒಂದಿತ್ತು. ಕುದುರೆ ಜೂಜಿನ ಬಾಜಿ 2 ಡಾಲರ್. ಚುನಾವಣೆಯಲ್ಲಿ ವೋಟಿಗೆ ಹಂಚುತ್ತಿದ್ದದ್ದೂ ಇದೇ ನೋಟು ಅನ್ನುವ ಮಾತಿತ್ತು. ಹಾಗಾಗಿ ಇದು ಕೈಯಲ್ಲಿದ್ದರೆ ಅಪಶಕುನ ಅಂತ ಕೆಲವರು ನಂಬಿದ್ದರು. ದೋಷ ಹೋಗಲಿ ಅಂತ ಮೂಲೆ ಹರಿಯುತ್ತಿದ್ದರು. ಮೂಲೆ ಹರಿದ, ಖಜಾನೆಯ ಮುದ್ರೆ ಕೆಂಪಗಿರುವ ಹಳೆಯ ನೋಟು ನಿಮಗೆ ಸಿಕ್ಕರೆ ಅದರ ಹಿಂದೆ ಇಂಥ ಕತೆ ಇರಬಹುದು.

ಇಷ್ಟೆಲ್ಲ ಆಗಿಯೂ 2 ಡಾಲರ್ ನೋಟು ಅಪರೂಪದ್ದಲ್ಲ. ಚಲಾವಣೆಯಲ್ಲಿರುವ ನೋಟುಗಳು 100 ಕೋಟಿಗೂ ಜಾಸ್ತಿ. ಈಗಲೂ ಆಗಾಗ ಹೊಸದನ್ನು ಅಚ್ಚು ಹಾಕುತ್ತಾರೆ. ವಾಟ್ಸಾಪಿನಲ್ಲಿ “ನಿಮ್ಮ 2 ಡಾಲರ್ ನೋಟಿಗೆ ಸಾವಿರಾರು ಡಾಲರ್” ಅಂತ ಬರುವ ಸುದ್ದಿ ಓದಿ ಎಷ್ಟೋ ಜನ ಆಸೆಯಿಂದ ಓಡಿ ಬರುತ್ತಾರೆ. ಅವರಿಗೆ ಇಲ್ಲ ಅನ್ನುವಾಗ ನನಗೇ ಬೇಜಾರಾಗುತ್ತದೆ. 1976ರ ನಂತರದ, ಹಸಿರು ಮುದ್ರೆಯ, ನಾಲ್ಕು ಕೈ ಓಡಾಡಿದ ಸಾಧಾರಣ ನೋಟಿನ ಬೆಲೆ 2 ಡಾಲರೇ. ಕ್ರಮಸಂಖ್ಯೆಯ ಕೊನೆಯಲ್ಲಿ ನಕ್ಷತ್ರ ಇದ್ದರೆ, ಅಥವಾ ಸಂಖ್ಯೆ ತೀರಾ ಚಿಕ್ಕದಾಗಿದ್ದರೆ ನಾಣ್ಯದ ವ್ಯಾಪಾರಿಗೆ ತೋರಿಸಿ. ಇಂದಿನ ನೋಟಿಗಿಂತ ಅಗಲ, ಉದ್ದ ಎರಡೂ ದೊಡ್ಡದಾದ, ಒಂದು ಶತಮಾನದ ಹಿಂದಿನ ನೋಟು ಸಿಕ್ಕರಂತೂ ಅಂಗಡಿಗೆ ಒಯ್ಯಲೇಬೇಡಿ.

ಈಗ ಆ ಅಮ್ಮನ ನೋಟಿಗೆ ಬರೋಣ. ಅಂಗಡಿ ಹುಡುಗಿ ಏನು ಮಾಡಿದಳು ಅಂತ ಕೇಳಿದೆ. ನೋಟನ್ನು ದೀಪಕ್ಕೆ ಹಿಡಿದಳಂತೆ, ತಿರುಗಿಸಿ ಮತ್ತೆ ಹಿಡಿದಳಂತೆ, ತಲೆ ಆಡಿಸಿ ವಾಪಸ್ ಕೊಟ್ಟಳಂತೆ. ಅವಳು ಹುಡುಕಿದ್ದು ಒಳಗಿನ ಭದ್ರತಾ ಎಳೆಯನ್ನು. ಈಗಿನ 5 ಡಾಲರ್ ಮತ್ತು ಅದರ ಮೇಲಿನ ನೋಟುಗಳಲ್ಲಿ ಆ ಎಳೆ ಇರುತ್ತದೆ, ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತೂ ಇರುತ್ತದೆ. 1 ಮತ್ತು 2 ಡಾಲರ್ ನೋಟುಗಳಲ್ಲಿ ಎರಡೂ ಇಲ್ಲ. 1ರ ನೋಟನ್ನು ಯಾರೂ ದೀಪಕ್ಕೆ ಹಿಡಿಯುವುದಿಲ್ಲ, ದಿನಾ ನೋಡುತ್ತಾರಲ್ಲ. 2ರ ನೋಟನ್ನು ಹಿಡಿಯುತ್ತಾರೆ, ಎಳೆ ಕಾಣುವುದಿಲ್ಲ, ಖೋಟಾ ಅಂದುಬಿಡುತ್ತಾರೆ. ಆ ಹುಡುಗಿಯದು ತಪ್ಪಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ನೋಟನ್ನು ಅಮ್ಮನ ಕೈಗೇ ಕೊಟ್ಟೆ. “ಜೆಫರ್ಸನ್ ಕೋಟಿನ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ ಅಮ್ಮಾ” ಅಂದೆ. ಅಸಲಿ ನೋಟಿನಲ್ಲಿ ಶಾಯಿ ಸ್ವಲ್ಪ ಉಬ್ಬಿರುತ್ತದೆ, ತರಿತರಿ ಅನ್ನುತ್ತದೆ. ಆಮೇಲೆ ಕನ್ನಡಕ ಏರಿಸಿ ಕಾಗದ ನೋಡಲು ಹೇಳಿದೆ. ಕೆಂಪು, ನೀಲಿ ಬಣ್ಣದ ಕೂದಲಿನಷ್ಟು ಸಣ್ಣ ನೂಲುಗಳು ಕಾಗದದ ಒಳಗೇ ಸೇರಿಕೊಂಡಿರುತ್ತವೆ. “ಅಯ್ಯೋ, ಹೌದಲ್ಲೇ! ಸೀರೆ ನೂಲಿನ ಹಾಗಿದೆ” ಅಂದರು. ಅವರ ಹೋಲಿಕೆ ಸರಿಯಾಗೇ ಇತ್ತು. ಇಲ್ಲಿನ ನೋಟು ಮಾಮೂಲಿ ಕಾಗದದ್ದಲ್ಲ, ನೂರರಲ್ಲಿ 75 ಭಾಗ ಹತ್ತಿ, 25 ಭಾಗ ಲಿನನ್, ಅಂದರೆ ಅಗಸೆ ಗಿಡದ ನಾರು.

ಕೆಲವು ಅಂಗಡಿಯಲ್ಲಿ ಹಳದಿ ಪೆನ್ನಿನಿಂದ ಗೆರೆ ಎಳೆದು ನೋಡುತ್ತಾರೆ. ಅದರಲ್ಲಿರುವುದು ಅಯೋಡಿನ್. ಮಾಮೂಲಿ ಕಾಗದದ ಗಂಜಿ ತಾಗಿದರೆ ಗೆರೆ ಕಪ್ಪಾಗುತ್ತದೆ, ಹತ್ತಿಯ ನೋಟಿನ ಮೇಲೆ ತಿಳಿಯಾಗೇ ಉಳಿಯುತ್ತದೆ. ಆದರೆ ಹಳೆಯ ನೋಟಿನ ಮೇಲೆ ಈ ಪೆನ್ನನ್ನು ಪೂರ್ತಿ ನಂಬುವಂತಿಲ್ಲ. 2016ರಲ್ಲಿ ಟೆಕ್ಸಾಸ್‌ನ ಒಬ್ಬ 13 ವರ್ಷದ ಹುಡುಗಿಯ ಸುದ್ದಿ ಬಂದಿತ್ತು. ಶಾಲೆಯ ಊಟಕ್ಕೆ ಅಜ್ಜಿ ಕೊಟ್ಟ 2 ಡಾಲರ್ ನೋಟು ಕೊಟ್ಟಳು. ಪೆನ್ನು ಖೋಟಾ ಅಂತು, ವಿಷಯ ಪೊಲೀಸರ ತನಕ ಹೋಯಿತು. ಕೊನೆಗೆ ಬ್ಯಾಂಕಿನಲ್ಲಿ ನೋಡಿದರೆ ಅದು 1953ರ ಅಸಲಿ ನೋಟು. ಆ ಮಗುವನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅರ್ಧ ಡಾಲರಿನ ಕತೆಯಲ್ಲಿ ದುಃಖವೂ ಇದೆ. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿ ಕೊಲೆಯಾಯಿತು. ಮರುವರ್ಷವೇ ಅವರ ಮುಖವಿದ್ದ ಅರ್ಧ ಡಾಲರ್ ಬಂತು. ಜನ ಅದನ್ನು ಖರ್ಚು ಮಾಡಲೇ ಇಲ್ಲ, ನೆನಪಿಗೆ ಇಟ್ಟುಕೊಂಡರು. ಸಾಲದ್ದಕ್ಕೆ ಅದು ಬೆಳ್ಳಿ. 1964ರದ್ದರಲ್ಲಿ 90 ಭಾಗ ಬೆಳ್ಳಿ, 1965ರಿಂದ 1970ರ ತನಕದ್ದರಲ್ಲಿ 40 ಭಾಗ. 1971ರಿಂದ ಚಲಾವಣೆಗೆ ಬಿಟ್ಟದ್ದರಲ್ಲಿ ಬೆಳ್ಳಿ ಇಲ್ಲ. ಆದ್ದರಿಂದ ಅರ್ಧ ಡಾಲರ್ ಖರ್ಚು ಮಾಡುವ ಮೊದಲು ಇಸವಿ ನೋಡುವುದು ಕಡ್ಡಾಯ. ಕನ್ನಡಕ ಮರೆತಿದ್ದರೆ ಅಂಚು ನೋಡಿ. ಬೆಳ್ಳಿ ಇಲ್ಲದ ನಾಣ್ಯದ ಅಂಚಿನಲ್ಲಿ ತಾಮ್ರದ ಕಂದು ಗೆರೆ ಎದ್ದು ಕಾಣುತ್ತದೆ. 90 ಭಾಗದ್ದು ಪೂರ್ತಿ ಬಿಳಿ. ಡೈಮ್, ಕ್ವಾರ್ಟರ್‌ಗಳಲ್ಲೂ 1964ರ ತನಕದ್ದು ಬೆಳ್ಳಿಯೇ. ಅಂಥದ್ದು ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಬೆಲೆ ಕೊಡುತ್ತಾರೆ.

1 ಡಾಲರ್ ನಾಣ್ಯದಲ್ಲಿ ನನ್ನ ತಲೆ ಹೆಚ್ಚು ತಿಂದದ್ದು 1979ರಲ್ಲಿ ಬಂದ ಸೂಸನ್ ಬಿ. ಆಂಥನಿ ನಾಣ್ಯ. ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದ ದೊಡ್ಡ ಜೀವ ಅದು. ಆದರೆ ನಾಣ್ಯ ಕ್ವಾರ್ಟರಿಗಿಂತ ಬರೀ 2 ಮಿಲಿಮೀಟರ್ ಚಿಲ್ಲರೆ ಅಗಲ. ಬಣ್ಣವೂ ಅದೇ, ಅಂಚಿನ ಗೀರುಗಳೂ ಹಾಗೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವಯಸ್ಸಾದ ಗಿರಾಕಿ ಒಂದು ಡಬ್ಬಿ ಚಿಲ್ಲರೆ ತಂದಿದ್ದರು. ಕೈಯಲ್ಲೇ ಎಣಿಸಿ ಖಾತೆಗೆ ಹಾಕಿದೆ. ಸಂಜೆ ಯಂತ್ರಕ್ಕೆ ಸುರಿದರೆ ಲೆಕ್ಕ 3 ಡಾಲರ್ ಜಾಸ್ತಿ. ಹುಡುಕಿದರೆ ನಾಲ್ಕು ಆಂಥನಿ ನಾಣ್ಯಗಳನ್ನು ಕ್ವಾರ್ಟರ್ ಅಂತ ಎಣಿಸಿದ್ದೆ. ಮಾರನೆ ದಿನ ಅವರಿಗೆ ಫೋನ್ ಮಾಡಿ ಖಾತೆ ಸರಿ ಮಾಡಿದೆವು. ಬ್ಯಾಂಕಿನಲ್ಲಿ ಯಂತ್ರ ಇತ್ತು, ಸಿಕ್ಕಿತು. ಕಾಫಿ ಅಂಗಡಿಯಲ್ಲಿ ನೀವು ಕ್ವಾರ್ಟರ್ ಅಂತ ಕೊಟ್ಟುಬಿಟ್ಟರೆ ಮುಕ್ಕಾಲು ಡಾಲರ್ ಹೋದಂತೆಯೇ.

ಆ ಗೊಂದಲ ಬೇಡ ಅಂತ 2000ದಲ್ಲಿ ಬಂಗಾರದ ಬಣ್ಣದ ಸಕಾಗವಿಯಾ ನಾಣ್ಯ ತಂದರು. ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಜೊತೆ ನಡೆದ ಶೊಶೋನಿ ಬುಡಕಟ್ಟಿನ ಹೆಣ್ಣುಮಗಳು, ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಾಳೆ. ನನ್ನ ಕಣ್ಣಿಗೆ ಅಮೆರಿಕದ ದುಡ್ಡಿನಲ್ಲೇ ಚೆಂದದ ಮುಖ ಅದು. 2007ರಿಂದ ಅಧ್ಯಕ್ಷರ ಮುಖದ ನಾಣ್ಯಗಳೂ ಬಂದವು. ಜನ ಮುಟ್ಟಲಿಲ್ಲ. 140 ಕೋಟಿಗೂ ಹೆಚ್ಚು ನಾಣ್ಯ ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ತಿಜೋರಿಗಳಲ್ಲಿ ಕೂತಾಗ, 2011ರ ಡಿಸೆಂಬರಿನಲ್ಲಿ ಚಲಾವಣೆಗೆ ಟಂಕಿಸುವುದನ್ನು ನಿಲ್ಲಿಸಿದರು. ನನ್ನ ಪ್ರಕಾರ ಕಾರಣ ಒಂದೇ, 1ರ ನೋಟನ್ನು ಹಾಗೇ ಉಳಿಸಿಕೊಂಡರು. ಪಕ್ಕದ ಕೆನಡಾ 1987ರಲ್ಲಿ ನಾಣ್ಯ ತಂದು 1989ರಲ್ಲಿ ನೋಟು ಕೊಡುವುದನ್ನೇ ನಿಲ್ಲಿಸಿತು. ಅಲ್ಲಿ ನಾಣ್ಯ ಓಡುತ್ತಿದೆ. ನಮ್ಮ ಸಕಾಗವಿಯಾ ಕೂಡ ಡಾಲರನ್ನೇ ಬಳಸುವ ಇಕ್ವೆಡಾರ್‌ನಲ್ಲಿ ದಿನಾ ಕೈಯಿಂದ ಕೈಗೆ ಓಡಾಡುತ್ತಾಳೆ.

ಇಲ್ಲಿನ ಕನ್ನಡದ ಮನೆಗಳಲ್ಲಿ ಅವಳಿಗೆ ಇನ್ನೊಂದು ಕೆಲಸ ಸಿಕ್ಕಿದೆ. ಮುಯ್ಯಿ ಅಂದರೆ 51, 101 ಅಲ್ವಾ? ಆ ಮೇಲಿನ ಒಂದಕ್ಕೆ ಬಂಗಾರದ ಬಣ್ಣದ ನಾಣ್ಯ ಇಡುತ್ತಾರೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ “ಗೋಲ್ಡ್ ಡಾಲರ್ ಇದೆಯಾ ಅಕ್ಕಾ?” ಅಂತ ಕೇಳಿಕೊಂಡು ಬರುತ್ತಾರೆ. ಬಣ್ಣ ಮಾತ್ರ, ಒಳಗೆ ಗುಲಗಂಜಿಯಷ್ಟೂ ಚಿನ್ನ ಇಲ್ಲ ಅಂತ ಹೇಳಿಯೇ ಕೊಡುತ್ತೇನೆ. 25 ನಾಣ್ಯದ ಒಂದು ಸುರುಳಿ, 25 ಡಾಲರ್. 2ರ ನೋಟು ಬೇಕಾದರೂ ನಿಮ್ಮ ಬ್ಯಾಂಕಿನಲ್ಲಿ ಕೇಳಿ. ಯಾರೋ ಕಟ್ಟಿದ್ದು ಡ್ರಾಯರಿನ ಮೂಲೆಯಲ್ಲಿ ಇರುತ್ತದೆ. ಇಲ್ಲದಿದ್ದರೆ ತರಿಸಿಕೊಡುವ ಬ್ಯಾಂಕುಗಳೂ ಇವೆ. ಇಡೀ ಕಟ್ಟು ಒಟ್ಟಿಗೆ ಕೇಳಿದರೆ ಕೆಲಸ ಸುಲಭ, ನೂರು ನೋಟಿನ ಕಟ್ಟು 200 ಡಾಲರ್.

“ಸರ್ಕಾರದ ದುಡ್ಡು, ಅಂಗಡಿಯವರು ಬೇಡ ಅನ್ನಬಹುದಾ?” ಅಂತ ಕೇಳುವವರಿದ್ದಾರೆ. ಅನ್ನಬಹುದು. ನೋಟಿನ ಮೇಲೆ ಬರೆದಿರುವುದು ಸಾಲ ತೀರಿಸುವ ಮಾತು. ಕೌಂಟರಿನಲ್ಲಿ ಸಾಮಾನು ಇಟ್ಟಾಗ ವ್ಯಾಪಾರ ಇನ್ನೂ ಆಗಿಲ್ಲ, ಸಾಲವೂ ಹುಟ್ಟಿಲ್ಲ. ಖಾಸಗಿ ಅಂಗಡಿ ಇಂಥದ್ದೇ ನೋಟು, ನಾಣ್ಯ ತೆಗೆದುಕೊಳ್ಳಲೇಬೇಕು ಅನ್ನುವ ಕೇಂದ್ರ ಕಾನೂನು ಇಲ್ಲ. ನ್ಯೂ ಜೆರ್ಸಿ, ಮ್ಯಾಸಚುಸೆಟ್ಸ್‌ನಂಥ ಕೆಲವು ರಾಜ್ಯಗಳು ಅಂಗಡಿಗಳು ನಗದು ಬೇಡ ಅನ್ನಬಾರದು ಅಂತ ನಿಯಮ ಮಾಡಿವೆ. ಆದರೂ ಸಾಲು ನಿಂತಿರುವಾಗ ಕಾನೂನು ಹೇಳಿ ಜಗಳ ಆಡಬೇಡಿ. ಎದುರಿಗಿರುವ ಮಗು ಗಂಟೆಗಿಷ್ಟು ಅಂತ ದುಡಿಯಲು ಬಂದದ್ದು. ಲೆಕ್ಕ ತಪ್ಪಿದರೆ ಅದಕ್ಕೇ ಕಷ್ಟ.

ನಾನು ಮಾಡುವುದು ಇಷ್ಟು. ಕೊಡುವಾಗ ಬಾಯಿಬಿಟ್ಟು ಹೇಳುತ್ತೇನೆ, “ಇದು ಎರಡರ ನೋಟು”, “ಇದು ಡಾಲರ್ ನಾಣ್ಯ, ಕ್ವಾರ್ಟರ್ ಅಲ್ಲ” ಅಂತ. ಕ್ವಾರ್ಟರುಗಳ ಜೊತೆ ಬೆರೆಸದೆ ಬೇರೆಯಾಗಿ ಇಡುತ್ತೇನೆ. ಅನುಮಾನಪಟ್ಟರೆ ನಕ್ಕು ಬೇರೆ ನೋಟು ಕೊಡುತ್ತೇನೆ. ಟಿಪ್ಸಿಗೆ 2ರ ನೋಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಹೋಟೆಲ್ ರೂಮು ಗುಡಿಸುವವರಿಗೆ, ಕಾಫಿ ಕೊಡುವ ಹುಡುಗರಿಗೆ ಕೊಟ್ಟರೆ ಮುಖ ಅರಳುತ್ತದೆ. ಡಾಲರ್ ನಾಣ್ಯವನ್ನು ತಿಂಡಿ, ಪಾನೀಯದ ಎಷ್ಟೋ ಯಂತ್ರಗಳು ತೆಗೆದುಕೊಳ್ಳುತ್ತವೆ. ಸಕಾಗವಿಯಾ ನಾಣ್ಯವನ್ನು ಯಂತ್ರಗಳು ಆಂಥನಿ ನಾಣ್ಯದಂತೆಯೇ ಗುರುತಿಸಲಿ ಅಂತಲೇ ಲೋಹ ಬೆರೆಸಿದ್ದಾರೆ. ಅರ್ಧ ಡಾಲರನ್ನು ಮಾತ್ರ ಯಂತ್ರಕ್ಕೆ ಹಾಕಬೇಡಿ, ಸಿಕ್ಕಿಕೊಂಡರೆ ಫಜೀತಿ.

ಅಮ್ಮನಿಗೂ ಇದನ್ನೇ ಹೇಳಿ ಕಳಿಸಿದೆ. ಊರಿಗೆ ಹೊರಡುವ ಮೊದಲು ಹೇಳಿ ಹೋಗಲು ಬಂದಿದ್ದರು. ನೋಟು ಖರ್ಚು ಮಾಡಿದ್ದರು. ಮಗಳ ಮನೆಯ ಹತ್ತಿರದ ಬೇಕರಿಯಲ್ಲಿ ಬ್ರೆಡ್ ತಗೊಂಡು, ನಾನು ಹೇಳಿಕೊಟ್ಟ ಹಾಗೆ “ದಿಸ್ ಈಸ್ ಟೂ” ಅಂತ ಬೆರಳು ತೋರಿಸಿ ಕೊಟ್ಟರಂತೆ. ಅಲ್ಲಿದ್ದ ಹುಡುಗ ನೋಟು ನೋಡಿ ಕಣ್ಣರಳಿಸಿದನಂತೆ. ತನ್ನ ಜೇಬಿನಿಂದ ಎರಡು ಒಂದರ ನೋಟು ತೆಗೆದು ಗಲ್ಲಾಕ್ಕೆ ಹಾಕಿ, ಆ ನೋಟನ್ನು ಮಡಿಸದೆ ತನ್ನ ಪರ್ಸಿನಲ್ಲಿ ಇಟ್ಟುಕೊಂಡನಂತೆ.