1500 ವ್ಯಾಟ್ ಮಿಕ್ಸರ್ ತಗೊಂಡರೆ ಗೋಧಿ ಬ್ರೆಡ್ಡಿನ ಹಿಟ್ಟು ನಾದುತ್ತಾ?

ಓದುಗರ ಪ್ರಶ್ನೆ: ಮನೆಯಲ್ಲೇ ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ ಮಾಡುತ್ತೇನೆ. ವಾರಕ್ಕೆ ಎರಡು ಸಲ ಕೈಯಲ್ಲಿ ನಾದಿ ಮಣಿಕಟ್ಟು ನೋವು ಬಂದಿದೆ. ಹಿಟ್ಟು ಕಲಸುವ ಸ್ಟ್ಯಾಂಡ್ ಮಿಕ್ಸರ್ ತಗೊಳ್ಳೋಣ ಅಂತ ಇದ್ದೇನೆ. 1500 ವ್ಯಾಟ್‌ನದ್ದು ತಗೊಂಡರೆ ಬಹಳ ವರ್ಷ ಬಾಳಿಕೆ ಬರುತ್ತಾ? ನಾವಿರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ.

ಉತ್ತರ: ವ್ಯಾಟ್ ನೋಡಿ ಮಿಕ್ಸರ್ ತಗೋಬೇಡಿ. ಇದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ಅಂಗಡಿಯಲ್ಲೂ ಆನ್‌ಲೈನಲ್ಲೂ ದೊಡ್ಡ ಅಕ್ಷರದಲ್ಲಿ ಕಾಣುವುದು ಅದೊಂದೇ ಸಂಖ್ಯೆ.

ಡಬ್ಬದ ಮೇಲಿನ ವ್ಯಾಟ್ ಹೇಳುವುದು ಮೋಟಾರು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು. ಹಿಟ್ಟು ನಾದುವ ಹುಕ್ಕಿನ (ಕೊಕ್ಕೆಯ) ತುದಿಗೆ ಎಷ್ಟು ಬಲ ಬರುತ್ತದೆ ಎಂಬುದನ್ನಲ್ಲ. ಆ ಬಲ ಬರುವುದು ಗೇರಿನಿಂದ. ಘಾಟಿ ಹತ್ತುವಾಗ ತುಂಬಿದ ಲಾರಿ ಸ್ಪೀಡ್ ಬಿಟ್ಟು ಫಸ್ಟ್ ಗೇರಿಗೆ ಬರುತ್ತದಲ್ವಾ, ಇಲ್ಲೂ ಹಾಗೆಯೇ. ಹಿಟ್ಟು ನಾದಲು ಬೇಕಾದದ್ದು ನಿಧಾನವಾಗಿ, ಬಿಡದೆ, ಗಟ್ಟಿಯಾಗಿ ತಿರುಗುವ ಶಕ್ತಿ.

ಸಾಕ್ಷಿ ನಿಮ್ಮ ಅಡುಗೆಮನೆಯಲ್ಲೇ ಇದೆ. ದೋಸೆಗೆ ರುಬ್ಬುವ ಟೇಬಲ್ ಟಾಪ್ ಗ್ರೈಂಡರಿನ ಮೇಲೆ ಅಂಟಿಸಿದ ಪಟ್ಟಿ ಓದಿ. ಹೆಚ್ಚಿನವುಗಳಲ್ಲಿ 150 ವ್ಯಾಟ್ ಅಂತ ಇರುತ್ತದೆ. ಅಷ್ಟೇ ಶಕ್ತಿಯ ಮೋಟಾರು ಕಲ್ಲು ತಿರುಗಿಸಿಕೊಂಡು ಅರ್ಧ ಗಂಟೆ ಉದ್ದು ರುಬ್ಬುತ್ತದೆ, ಬಿಸಿಯಾಗಿ ನಿಲ್ಲುವುದಿಲ್ಲ. ಅಮೆರಿಕದ ಕಿಚನ್‌ಏಡ್ ಕಂಪನಿಯ 4.8 ಲೀಟರಿನ ಆರ್ಟಿಸಾನ್ ಮಿಕ್ಸರಿನ ಮೇಲೆ ಬರೆದಿರುವುದು ಬರೀ 300 ವ್ಯಾಟ್. ಅದೇ ಹತ್ತು ಸಾವಿರ ರೂಪಾಯಿಯ ಒಳಗೆ 1200, 1500 ವ್ಯಾಟ್ ಎಂದು ಬರೆದ ಹಗುರ ಮಿಕ್ಸರುಗಳು ಬೇಕಾದಷ್ಟು ಸಿಗುತ್ತವೆ. ಅವು ಕೇಕಿಗೆ, ಕ್ರೀಮಿಗೆ ಚೆನ್ನಾಗಿಯೇ ಇರುತ್ತವೆ. ಗೋಧಿ ಹಿಟ್ಟು ಹಾಕಿದಾಗ ಅವುಗಳ ನಿಜವಾದ ಬಲ ಗೊತ್ತಾಗುತ್ತದೆ.

ಗೋಧಿ ಹಿಟ್ಟು ಯಾಕೆ ಅಷ್ಟು ಕಷ್ಟ ಕೊಡುತ್ತದೆ ಅಂದರೆ, ಅದರಲ್ಲಿ ಹೊಟ್ಟು ಇದೆ. ಹೊಟ್ಟು ನೀರು ಕುಡಿಯುತ್ತದೆ, ಆದರೆ ನಿಧಾನವಾಗಿ. ಜೊತೆಗೆ ಗಿರಣಿಯ ಕಲ್ಲಿನಲ್ಲಿ ಒತ್ತಿ ಬೀಸಿದಾಗ ಹಿಟ್ಟಿನ ಪಿಷ್ಟದ ಕಣಗಳು ಒಡೆಯುತ್ತವೆ, ಒಡೆದ ಕಣ ಇನ್ನೂ ಜಾಸ್ತಿ ನೀರು ಹೀರುತ್ತದೆ. ಮೈದಾ ಬ್ರೆಡ್ಡಿಗೆ 500 ಗ್ರಾಂ ಹಿಟ್ಟಿಗೆ 300 ರಿಂದ 325 ಎಂಎಲ್ ನೀರು ಸಾಕು. ನಮ್ಮ ಗೋಧಿ ಹಿಟ್ಟಿಗೆ 375 ಎಂಎಲ್ ಹಾಕಿದರೂ ಕೆಲವು ಸಲ ಬಿಗಿಯಾಗಿಯೇ ಇರುತ್ತದೆ. ಅದು ಸಾಲದು ಎಂಬಂತೆ, ಹೊಟ್ಟಿನ ಚೂಪು ಅಂಚುಗಳು ಗ್ಲುಟೆನ್ನಿನ (ಹಿಟ್ಟನ್ನು ಹಿಡಿದಿಡುವ ಜಿಗುಟು ಪ್ರೊಟೀನಿನ) ಎಳೆಗಳನ್ನು ಕತ್ತರಿಸುತ್ತವೆ. ಹಾಗಾಗಿ ಹಿಟ್ಟು ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ, ಮಿಕ್ಸರು ಅಷ್ಟೂ ಹೊತ್ತು ಭಾರ ಎಳೆಯಬೇಕಾಗುತ್ತದೆ.

ಇದು ಕಂಪನಿಯವರಿಗೂ ಗೊತ್ತು. ಕಿಚನ್‌ಏಡ್ ಕೈಪಿಡಿಯಲ್ಲಿ ಮೈದಾಕ್ಕೆ ಒಂದು ಮಿತಿ ಕೊಟ್ಟು, ಇಡೀ ಗೋಧಿ ಹಿಟ್ಟಿಗೆ ಅದಕ್ಕಿಂತ ಕಡಿಮೆ ಮಿತಿ ಕೊಡುತ್ತಾರೆ. ಈಸ್ಟ್ ಹಾಕಿದ ಹಿಟ್ಟನ್ನು 2ನೇ ಸ್ಪೀಡಿಗಿಂತ ಮೇಲೆ ನಾದಬಾರದು ಅಂತಲೂ ಹೇಳುತ್ತಾರೆ. ನೀವು ಯಾವ ಕಂಪನಿಯದ್ದೇ ನೋಡಿ, ಕೈಪಿಡಿ ತೆಗೆದು ಗೋಧಿ ಹಿಟ್ಟಿನ ಮಿತಿ ಬೇರೆಯಾಗಿ ಬರೆದಿದ್ದಾರಾ ಅಂತ ಹುಡುಕಿ. ಬರೆದಿದ್ದರೆ ಅವರು ಹಿಟ್ಟು ನಾದುವುದನ್ನು ಯೋಚಿಸಿ ಯಂತ್ರ ಮಾಡಿದ್ದಾರೆ ಅಂತ ನಂಬಬಹುದು. ಬರೀ 'ಬೌಲ್ 6 ಲೀಟರ್' ಅಂತಿದ್ದರೆ ಅದು ಪಾತ್ರೆಯ ಅಳತೆ ಮಾತ್ರ.

ಇನ್ನು ಗೇರಿನ ವಿಷಯ. ಬಾಳಿಕೆ ನಿಂತಿರುವುದು ಇದರ ಮೇಲೆಯೇ. ಒಳಗಿನ ಗೇರು ಲೋಹದ್ದೋ ಪ್ಲಾಸ್ಟಿಕ್ಕಿನದ್ದೋ ಅಂತ ಕೇಳಿ. ಕೆಲವು ಒಳ್ಳೆಯ ಮಿಕ್ಸರುಗಳಲ್ಲಿ ಒಂದು ಗೇರನ್ನು ಬೇಕಂತಲೇ ಉಳಿದವಕ್ಕಿಂತ ಮೆತ್ತಗೆ ಮಾಡಿರುತ್ತಾರೆ. ಭಾರ ಮಿತಿ ಮೀರಿದರೆ ಮೊದಲು ಅದು ಸವೆಯುತ್ತದೆ, ಮೋಟಾರು ಉಳಿಯುತ್ತದೆ. ಆ ಗೇರು ಬದಲಾಯಿಸಿದರೆ ಮಿಕ್ಸರು ಮತ್ತೆ ಓಡುತ್ತದೆ. ಅದಕ್ಕೇ ಗೇರು ಸವೆಯುತ್ತದಾ ಎನ್ನುವುದಕ್ಕಿಂತ, ಸವೆದರೆ ಇಲ್ಲಿ ಸಿಗುತ್ತದಾ ಎನ್ನುವುದು ದೊಡ್ಡ ಪ್ರಶ್ನೆ. ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಕೊಳ್ಳುವಾಗ ಅಂಗಡಿಯವರನ್ನು ನೇರವಾಗಿ ಕೇಳಿ: ರಿಪೇರಿಗೆ ಇಲ್ಲಿಗೇ ಯಾರಾದರೂ ಬರುತ್ತಾರಾ, ಬೆಂಗಳೂರಿಗೆ ಕಳಿಸಬೇಕಾ? ಕಳಿಸಿದರೆ ಸಾಗಾಟದ ಖರ್ಚು ಯಾರದು? ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), ಗೇರು ಬಿಡಿಯಾಗಿ ಸಿಗುತ್ತವಾ? ಕಾರ್ಬನ್ ಬ್ರಷ್ ಸವೆದರೆ ಪಂಪ್‌ಸೆಟ್ ವೈಂಡಿಂಗ್ ಮಾಡುವ ನಮ್ಮೂರ ಅಂಗಡಿಯಲ್ಲೇ ಸರಿಯಾದೀತು. ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದರೆ ಅವರೇನೂ ಮಾಡಲಾರರು.

ಆಮೇಲೆ ತೂಕ. ಅಂಗಡಿಯಲ್ಲಿ ಮಿಕ್ಸರನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ. ಸುಲಭವಾಗಿ ಎತ್ತಿಬಿಟ್ಟರೆ ಹಿಟ್ಟು ನಾದುವಾಗ ಅದು ಕಟ್ಟೆಯ ಮೇಲೆ ನಡೆಯಲು ಶುರು ಮಾಡುತ್ತದೆ. ತಲೆ ಹಿಂದಕ್ಕೆ ಬಾಗುವ ಮಾದರಿಯಾದರೆ ಅದನ್ನು ಲಾಕ್ ಮಾಡಿ ಅಲುಗಾಡಿಸಿ ನೋಡಿ. ಹೊಸದರಲ್ಲೇ ಕಟಕಟ ಅಂದರೆ ಬೇಡ. ಪಾತ್ರೆಯೇ ಮೇಲೇರುವ ಮಾದರಿ ಗಟ್ಟಿ ಹಿಟ್ಟಿಗೆ ಇನ್ನೂ ವಾಸಿ, ಬೆಲೆಯೂ ಜಾಸ್ತಿ. ಸ್ವೀಡನ್ನಿನ ಅಂಕರ್ಸ್ರುಮ್ 1940ರಿಂದ ಬರುತ್ತಿರುವ ಬೇರೆಯದೇ ಮಾದರಿ. ಅದರಲ್ಲಿ ಪಾತ್ರೆ ತಿರುಗುತ್ತದೆ, ಪಕ್ಕದ ರೋಲರು ಹಿಟ್ಟನ್ನು ಅಂಚಿಗೆ ಒತ್ತುತ್ತದೆ. ಬ್ರೆಡ್ಡಿನ ಹಿಟ್ಟಿಗೆ ತುಂಬ ಒಳ್ಳೆಯದು. ಆದರೆ ಅಷ್ಟು ದುಡ್ಡು ಹಾಕುವ ಮೊದಲು ರಿಪೇರಿಯ ದಾರಿ ಖಾತ್ರಿ ಮಾಡಿಕೊಳ್ಳಿ.

ತೀರ್ಥಹಳ್ಳಿ ಕಡೆ ಅಂದಿರಲ್ಲ, ಹಾಗಾಗಿ ಕರೆಂಟಿನ ಮಾತು ಆಡಲೇಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುತ್ತದೆ, ವೋಲ್ಟೇಜ್ ಏರಿಳಿಯುತ್ತದೆ. ವೋಲ್ಟೇಜ್ ಇಳಿದಾಗ ಮೋಟಾರಿನ ಬಲ ಕುಗ್ಗುತ್ತದೆ. ಹಿಟ್ಟು ಮಾತ್ರ ಅಷ್ಟೇ ಗಟ್ಟಿ ಇರುತ್ತದೆ. ಹುಕ್ಕು ತಿಣುಕಿ ನಿಂತರೆ ಮೋಟಾರಿನ ಸುರುಳಿ ಸುಡುವುದು ಆಗಲೇ. ಬಲ್ಬು ಮಂಕಾದ ಸಂಜೆ ಮಿಕ್ಸರ್ ಹಾಕಬೇಡಿ. ಊರಿನಲ್ಲಿ ಇದು ದಿನದ ಪಾಡಾದರೆ ಮಿಕ್ಸರಿನ ವ್ಯಾಟಿಗೆ ತಕ್ಕ ಸ್ಟೆಬಿಲೈಜರ್ ಹಾಕಿಸಿ. ಇನ್ವರ್ಟರಿನಲ್ಲಿ ಓಡಿಸುವ ಆಸೆ ಇದ್ದರೆ 1500 ವ್ಯಾಟಿನ ಯಂತ್ರ ಮನೆಯ ಸಣ್ಣ ಇನ್ವರ್ಟರನ್ನು ಟ್ರಿಪ್ ಮಾಡುತ್ತದೆ. 300 ವ್ಯಾಟಿನದ್ದು ಸೈನ್ ವೇವ್ ಇನ್ವರ್ಟರಿನಲ್ಲಿ ಓಡೀತು. ನಾದುವ ಮಧ್ಯೆ ಕರೆಂಟ್ ಹೋದರೆ ಗಾಬರಿ ಬೇಡ. ಸ್ವಿಚ್ ಆಫ್ ಮಾಡಿ, ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ. ಹಿಟ್ಟು ಸುಮ್ನೆ ಕೂತರೂ ಅದರ ಕೆಲಸ ನಡೆಯುತ್ತಿರುತ್ತದೆ.

ನಿಮ್ಮ ಮಿಕ್ಸರಿನ ಆಯಸ್ಸು ಹೆಚ್ಚಿಸುವ ಉಪಾಯವೂ ಇದರಲ್ಲೇ ಇದೆ. ಫ್ರಾನ್ಸಿನ ರೇಮೋಂ ಕಾಲ್ವೆಲ್ ಎಂಬ ಬ್ರೆಡ್ ತಜ್ಞರು 1974ರಲ್ಲಿ ರೂಪಿಸಿದ ಕ್ರಮ, ಆಟೊಲಿಸ್ ಅಂತಾರೆ. ಹಿಟ್ಟು ಮತ್ತು ನೀರು ಮಾತ್ರ ಕಲಸಿ ಬಿಡುವುದು, ನಾದುವುದಲ್ಲ. ಉಪ್ಪು, ಈಸ್ಟ್ ಆಮೇಲೆ. 500 ಗ್ರಾಂ ಗೋಧಿ ಹಿಟ್ಟಿಗೆ 375 ಎಂಎಲ್ ನೀರು ಹಾಕಿ ಚಮಚದಲ್ಲೇ ಕೂಡಿಸಿ, ಅರ್ಧ ಗಂಟೆ ಮುಚ್ಚಿಡಿ. ಕಲಸಿದ ಕೂಡಲೇ ಮುಟ್ಟಿದರೆ ಅದು ಒರಟು, ಬೆರಳಿಗೆ ಹೊಟ್ಟು ಹತ್ತುತ್ತದೆ, ಎಳೆದರೆ ತುಂಡಾಗುತ್ತದೆ. ಅರ್ಧ ಗಂಟೆ ಬಿಟ್ಟು ಅದೇ ಹಿಟ್ಟಿನ ಅಂಚು ಹಿಡಿದು ಎಳೆಯಿರಿ. ಗೇಣುದ್ದ ಬರುತ್ತದೆ, ಮೇಲ್ಮೈ ನುಣ್ಣಗಾಗಿರುತ್ತದೆ. ಯಾರೂ ನಾದಿಲ್ಲ, ನೀರು ಒಳಗೆ ಇಳಿದು ಗ್ಲುಟೆನ್ ತಾನೇ ಕೂಡಿಕೊಂಡಿದೆ. ಈಗ 9 ಗ್ರಾಂ ಉಪ್ಪು, 4 ಗ್ರಾಂ ಇನ್‌ಸ್ಟಂಟ್ ಈಸ್ಟ್ ಸೇರಿಸಿ ಮಿಕ್ಸರಿಗೆ ಹಾಕಿ. ಕಡಿಮೆ ಸ್ಪೀಡಿನಲ್ಲಿ ಮೂರು ನಾಲ್ಕು ನಿಮಿಷ, ಐದು ನಿಮಿಷ ವಿರಾಮ, ಮತ್ತೆ ಮೂರು ನಿಮಿಷ. ಹೆಚ್ಚಿನ ದಿನ ಅಷ್ಟು ಸಾಕು.

ಓಡುವಾಗ ಕಿವಿ ಕೊಡಿ. ಒಂದೇ ಸಮನೆ ಗುಂಯ್ ಅನ್ನುತ್ತಿದ್ದರೆ ಸರಿ. ಸದ್ದು ತಗ್ಗಿ, ಏರಿ, ತಗ್ಗಿ ಬರತೊಡಗಿದರೆ ಹಿಟ್ಟು ಹುಕ್ಕಿನ ಮೇಲೆ ಹತ್ತಿಕೊಂಡು ಒಂದು ಗಂಟಾಗಿ ಸುತ್ತುತ್ತಿದೆ ಅಂತ ಅರ್ಥ. ನಿಲ್ಲಿಸಿ, ಒದ್ದೆ ಕೈಯಲ್ಲಿ ಕೆಳಗೆ ಇಳಿಸಿ, ಬೇಕಿದ್ದರೆ ಒಂದು ಚಮಚ ನೀರು ಹಾಕಿ. ಸ್ಪೀಡ್ ಏರಿಸಿ ಸರಿ ಮಾಡಲು ಹೋಗಬೇಡಿ, ಗೇರು ಸವೆಯುವುದು ಅಲ್ಲಿಯೇ. ಮೋಟಾರಿನ ಮೇಲ್ಭಾಗಕ್ಕೆ ಅಂಗೈ ಇಟ್ಟು ನೋಡಿ. ಇಡಲಾಗದಷ್ಟು ಬಿಸಿಯಾದರೆ ಪೂರ್ತಿ ಆರುವ ತನಕ ಬಿಡಿ.

ಜವೆ ಗೋಧಿಯ (ಖಪ್ಲಿ ಗೋಧಿ, ಬಾರ್ಲಿ ಅಲ್ಲ) ಹಿಟ್ಟು ತರುವವರಿಗೆ ಒಂದು ಮಾತು. ಅದರ ಗ್ಲುಟೆನ್ ಮೆತ್ತಗಿರುತ್ತದೆ, ಜಾಸ್ತಿ ನಾದಿದರೆ ಹಿಟ್ಟು ಜಾರಿಹೋಗುತ್ತದೆ. ಅದಕ್ಕೆ ಮಿಕ್ಸರೇ ಬೇಕಾಗಿಲ್ಲ.

ಇಷ್ಟು ಹೇಳಿ, ನಿಮಗೆ ಯಾವುದು ಅಂದರೆ: ಮೊದಲು ಮನೆಯ ಗ್ರೈಂಡರಿಗೆ ಹಿಟ್ಟು ನಾದುವ ಭಾಗ ಸಿಗುತ್ತದಾ ವಿಚಾರಿಸಿ. ಕೆಲವು ಟೇಬಲ್ ಟಾಪ್ ಗ್ರೈಂಡರುಗಳಿಗೆ ಅದು ಬರುತ್ತದೆ. ಒಂದು ಬ್ರೆಡ್ಡಿನ ಹಿಟ್ಟಿಗೆ ಅದೇ ಸಾಕಾದೀತು, ಮಣಿಕಟ್ಟೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಅದು ಆಗದಿದ್ದರೆ ಲೋಹದ ಗೇರಿನ, ತೂಕದ, ಐದು ಲೀಟರ್ ಆಸುಪಾಸಿನ ಮಿಕ್ಸರ್ ತಗೊಂಡು ಒಂದು ಸಲಕ್ಕೆ 500 ಗ್ರಾಂ ಹಿಟ್ಟಿಗಿಂತ ಜಾಸ್ತಿ ಹಾಕಬೇಡಿ. ಎರಡು ಬ್ರೆಡ್ ಬೇಕಾದರೆ ಎರಡು ಸಲ ನಾದಿ.

ಹೋಂಸ್ಟೇ ಇಟ್ಟುಕೊಂಡು ದಿನಾ ಬ್ರೆಡ್ ಮಾಡುವವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಅವರು ಬೇಕರಿಯವರು ಬಳಸುವ ಸ್ಪೈರಲ್ ಮಿಕ್ಸರಿನ ಚಿಕ್ಕ ಮಾದರಿಯನ್ನೇ ನೋಡಲಿ. ಅದು ಹಿಟ್ಟಿಗಾಗಿಯೇ ಹುಟ್ಟಿದ ಯಂತ್ರ. ಸಿಂಗಲ್ ಫೇಸಿನದ್ದೇ ಕೇಳಬೇಕು, ಎಷ್ಟೋ ಹಳ್ಳಿಗಳಲ್ಲಿ ತ್ರೀ ಫೇಸ್ ದಿನವಿಡೀ ಇರುವುದಿಲ್ಲ.

ಅಮೆರಿಕದಲ್ಲಿರುವ ಮಗನೋ ಮಗಳೋ "ಅಮ್ಮಾ, ಇಲ್ಲಿ ಅಗ್ಗ, ನಾನೇ ತರ್ತೀನಿ" ಅಂದರೆ ಬೇಡ ಅನ್ನಿ. ಅಲ್ಲಿಯದು 120 ವೋಲ್ಟಿನದು, ನಮ್ಮದು 230. ನೇರ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು, ಆದರೆ ಅದರ ಸಾಮರ್ಥ್ಯ ಮಿಕ್ಸರಿನ ವ್ಯಾಟಿಗಿಂತ ಸಾಕಷ್ಟು ಜಾಸ್ತಿ ಇರಬೇಕು, ಅದೂ ಭಾರದ ವಸ್ತುವೇ. ವಾರಂಟಿಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅಷ್ಟು ಪ್ರೀತಿಯಿಂದ ಕೊಡಿಸುತ್ತೇನೆ ಅನ್ನುವವರು ಆ ದುಡ್ಡನ್ನು ಇಲ್ಲಿಗೇ ಕಳಿಸಲಿ, ನೀವು ಶಿವಮೊಗ್ಗದಲ್ಲಿ ಬಿಲ್ಲು ಹಾಕಿಸಿ ತಗೊಳ್ಳಿ.