ಪ್ರಿವಿಲೇಜ್: ಒಬ್ಬೊಬ್ಬರಿಗೆ ಒಂದೊಂದು ಕಾನೂನು

‘ಅವನಿಗೇನಪ್ಪ, ಪ್ರಿವಿಲೇಜ್ ಇದೆ’ ಅಂತ ಈಗ ಸಲೀಸಾಗಿ ಹೇಳಿಬಿಡುತ್ತೇವೆ. ದುಡ್ಡು, ಜಾತಿ, ಇಂಗ್ಲಿಷ್ ಶಾಲೆ ಎಲ್ಲ ಅದರೊಳಗೇ ಬಂದುಬಿಡುತ್ತದೆ. ರಾಜರ ಕಾಲದ ಫ್ರಾನ್ಸಿನಲ್ಲಿ ಈ ಪದ ಇಷ್ಟು ಸಡಿಲವಾಗಿರಲಿಲ್ಲ. ಇದರ ಬೇರು ಲ್ಯಾಟಿನ್ನಿನಲ್ಲಿದೆ. ಪ್ರಿವಸ್ ಅಂದರೆ ಬಿಡಿ, ಪ್ರತ್ಯೇಕ. ಲೆಕ್ಸ್ ಅಂದರೆ ಕಾನೂನು. ಒಬ್ಬರಿಗೋ ಒಂದು ಗುಂಪಿಗೋ ಇರುವ ಬೇರೆಯದೇ ಕಾನೂನು ಪ್ರಿವಿಲೇಜ್.

ಆ ಸಮಾಜದಲ್ಲಿ ಇದ್ದದ್ದು ಮೂರು ಎಸ್ಟೇಟ್. ಎಸ್ಟೇಟ್ ಅಂದಕೂಡಲೇ ನಮಗೆ ಕಾಫಿ ತೋಟ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದು ಕಾನೂನು ಕೊಟ್ಟ ಸ್ಥಾನ. ಪಾದ್ರಿಗಳು ಮೊದಲನೆಯವರು, ಕುಲೀನರು ಎರಡನೆಯವರು, ಮಿಕ್ಕವರೆಲ್ಲ ಮೂರನೆಯವರು. ನೂರಕ್ಕೆ 97ಕ್ಕಿಂತ ಜಾಸ್ತಿ ಜನ ಈ ‘ಮಿಕ್ಕವರೇ’. ಬೋರ್ಡೋ ಬಂದರಿನ ಸಿರಿವಂತ ವ್ಯಾಪಾರಿಯೂ ಅಲ್ಲೇ, ಕೂಲಿಯವನೂ ಅಲ್ಲೇ. ಅದಕ್ಕೇ ಇದನ್ನು ‘ವರ್ಗ’ ಅನ್ನುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಕಾನೂನಿನ ಕಣ್ಣಲ್ಲಿ ಹರಕು ಕೋಟಿನ ಹಳ್ಳಿ ಕುಲೀನ ಆ ವ್ಯಾಪಾರಿಗಿಂತ ಮೇಲು.

ಮೇಲು ಅಂದರೆ ಹೇಗೆ? ಟಾಯ್ ಎಂಬ ಮುಖ್ಯ ತೆರಿಗೆ ದೇಶದ ಬಹುಭಾಗದಲ್ಲಿ ಕುಲೀನರಿಗೆ ಇರಲಿಲ್ಲ. ಅವರು ಯಾವ ತೆರಿಗೆಯನ್ನೂ ಕಟ್ಟಲಿಲ್ಲ ಅನ್ನುವ ಮಾತು ಮಾತ್ರ ಸುಳ್ಳು. ಚರ್ಚು ತೆರಿಗೆಯ ಬದಲು ರಾಜನಿಗೆ ‘ಉಚಿತ ಕಾಣಿಕೆ’ ಕೊಡುತ್ತಿತ್ತು, ಎಷ್ಟು ಅಂತ ತಾನೇ ಸಭೆ ಸೇರಿ ಒಪ್ಪಿಕೊಂಡು! ಒಡೆಯನ ಪಾರಿವಾಳಗಳು ಬಿತ್ತಿದ ಕಾಳು ತಿಂದರೂ ರೈತ ಅವನ್ನು ಕೊಲ್ಲುವಂತಿರಲಿಲ್ಲ. ಸಾಯುವಾಗಲೂ ಭೇದ: ಮರಣದಂಡನೆಯಾದರೆ ಕುಲೀನನಿಗೆ ಕತ್ತಿ, ಸಾಮಾನ್ಯನಿಗೆ ನೇಣು.

ತಮಾಷೆಯೆಂದರೆ, ಈ ಕುಲೀನ ಪಟ್ಟ ದುಡ್ಡಿಗೂ ಸಿಗುತ್ತಿತ್ತು. ‘ರಾಜನ ಕಾರ್ಯದರ್ಶಿ’ ಎಂಬ ಹುದ್ದೆ ಕೊಂಡು 20 ವರ್ಷ ಇಟ್ಟುಕೊಂಡರೆ ಮಕ್ಕಳು ಮೊಮ್ಮಕ್ಕಳೂ ಕುಲೀನರು. ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರೂ ಸರಿ. ಕೆಲಸ ಹೆಚ್ಚೇನೂ ಇಲ್ಲ. ಜನ ಇದಕ್ಕೆ ಇಟ್ಟ ಹೆಸರು ‘ಸಾವೊನೆಟ್ ಆ ವಿಲೇನ್’. ಕೀಳು ಹುಟ್ಟಿನ ಕೊಳೆ ತೊಳೆಯುವ ಸೋಪು ಅಂತ.

ಪ್ರಿವಿಲೇಜ್ ಊರಿಗೂ ಇರುತ್ತಿತ್ತು, ಪ್ರಾಂತ್ಯಕ್ಕೂ ಇರುತ್ತಿತ್ತು. ಬ್ರಿಟನಿ ಪ್ರಾಂತ್ಯಕ್ಕೆ ಗ್ಯಾಬೆಲ್ ಎಂಬ ಉಪ್ಪಿನ ತೆರಿಗೆ ಇರಲಿಲ್ಲ. ಗಡಿ ದಾಟಿದರೆ ಅದೇ ಉಪ್ಪು ಎಷ್ಟೋ ಪಟ್ಟು ದುಬಾರಿ. ಕಳ್ಳಸಾಗಣೆ ಜೋರಾಗಿ ನಡೆಯುತ್ತಿತ್ತು. ಅಂದರೆ ಬ್ರಿಟನಿಯ ಬಡ ರೈತನಿಗೂ ಒಂದು ಪ್ರಿವಿಲೇಜ್ ಇತ್ತು.

ಹಾಗಾಗಿಯೇ ಫ್ರೆಂಚ್ ಕ್ರಾಂತಿ ಶುರುವಾದ ವರ್ಷ, 1789ರ ಆಗಸ್ಟ್ 4ರ ರಾತ್ರಿ, ವರ್ಸೇಲ್ಸ್‌ನಲ್ಲಿ ಸೇರಿದ್ದ ರಾಷ್ಟ್ರೀಯ ಸಭೆಯಲ್ಲಿ ಕುಲೀನರು, ಪಾದ್ರಿಗಳು ತಮ್ಮ ಹಕ್ಕು ಬಿಟ್ಟುಕೊಟ್ಟರೆ ಸಾಲಲಿಲ್ಲ. ಅವರ ಹಿಂದೆಯೇ ಪಟ್ಟಣಗಳ, ಪ್ರಾಂತ್ಯಗಳ ಪ್ರತಿನಿಧಿಗಳೂ ತಮ್ಮ ಊರಿನ, ಪ್ರಾಂತ್ಯದ ಪ್ರಿವಿಲೇಜ್ ಬಿಟ್ಟುಕೊಡಲು ಒಬ್ಬೊಬ್ಬರಾಗಿ ಎದ್ದು ನಿಂತರು.