ಬ್ಯಾಕಪ್ ಸರ್ವರ್ ತಾನೇ ಬಂದು ಒಯ್ಯಲಿ

ಕಲಬುರಗಿಯ ನೆಹರೂ ಗಂಜ್‌ನ ಅಡತಿ ಅಂಗಡಿಗಳಲ್ಲಿ, ದಾಲ್ ಮಿಲ್ ಕಚೇರಿಗಳಲ್ಲಿ ಬ್ಯಾಕಪ್ ಎಂದು ನನಗೆ ತೋರಿಸುವುದು ಹೆಚ್ಚಾಗಿ ಒಂದೇ ಬಗೆಯ ವ್ಯವಸ್ಥೆ. ಮೂಲೆಯ ಕಂಪ್ಯೂಟರಿನಲ್ಲಿ ಎಲ್ಲರಿಗೂ ತೆರೆದಿಟ್ಟ ಫೋಲ್ಡರ್ ಒಂದಿರುತ್ತದೆ. ಉಳಿದ ಕಂಪ್ಯೂಟರುಗಳಲ್ಲಿ ಅದು ‘ಝಡ್’ ಡ್ರೈವ್ ಆಗಿ ಕಾಣುತ್ತದೆ. ಸಂಜೆ ಲೆಕ್ಕ ಮುಗಿದ ಮೇಲೆ ಗುಮಾಸ್ತರು ಟ್ಯಾಲಿಯ ಡೇಟಾವನ್ನು ಅಲ್ಲಿಗೆ ನಕಲು ಮಾಡುತ್ತಾರೆ. ಅವರ ನಿಷ್ಠೆಯ ಬಗ್ಗೆ ನನಗೆ ಗೌರವವಿದೆ, ಆದರೆ ಈ ವ್ಯವಸ್ಥೆಯನ್ನು ಒಪ್ಪಲಾರೆ. ಗುಮಾಸ್ತರು ಬರೆಯಬಲ್ಲ ಜಾಗದಲ್ಲಿ ಅವರ ಕಂಪ್ಯೂಟರಿಗೆ ಹೊಕ್ಕ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಕೂಡ ಬರೆಯಬಲ್ಲದು. ಸಿ ಡ್ರೈವ್ ಕೆಡಿಸಿದ ಮೇಲೆ ಅದು ಝಡ್ ಡ್ರೈವನ್ನು ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಇಂಥದೇ ರ್‍ಯಾನ್ಸಮ್‌ವೇರ್ ಹರಡಿದ್ದು ವಿಂಡೋಸ್‌ನ ಹಳೆಯ ಫೈಲ್ ಹಂಚಿಕೆ ವ್ಯವಸ್ಥೆಯ ದೋಷವನ್ನು ಹಿಡಿದೇ.

ಆದ್ದರಿಂದ ನಾನು ದಿಕ್ಕನ್ನು ತಿರುಗಿಸುತ್ತೇನೆ. ಕಂಪ್ಯೂಟರುಗಳು ಬ್ಯಾಕಪ್ ಇಡುವ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಕೊಡುವುದು ಬೇಡ, ಸರ್ವರೇ ಬಂದು ಒಯ್ಯಲಿ. ಉಚಿತವಾಗಿ ಸಿಗುವ ಅರ್‌ಬ್ಯಾಕಪ್, ಬ್ಯಾಕಪ್‌ಪಿಸಿ ಎರಡೂ ಹೀಗೆಯೇ ಕೆಲಸ ಮಾಡುತ್ತವೆ. ಸರ್ವರಿನ ಸಂಗ್ರಹಕ್ಕೆ ಹೋಗುವ ಪಾಸ್‌ವರ್ಡ್ ಗುಮಾಸ್ತರ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅರ್‌ಬ್ಯಾಕಪ್‌ನಲ್ಲಿ ಇನ್ನೊಂದು ಅನುಕೂಲವಿದೆ: ವಿಂಡೋಸ್‌ನ ಶ್ಯಾಡೋ ಕಾಪಿ ಸೌಲಭ್ಯವನ್ನು ಬಳಸುವುದರಿಂದ, ತೆರೆದಿರುವ ಫೈಲನ್ನೂ ಒಂದೇ ಕ್ಷಣದ ಸ್ಥಿತಿಯಲ್ಲಿ ಹಿಡಿಯುತ್ತದೆ. ಬಿಲ್ ಹಾಕುತ್ತಿರುವಾಗಲೇ ಕೈಯಿಂದ ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿ ತೆರೆಯಲಾರದ ಲೆಕ್ಕ ಸಿಗಬಹುದು.

ಸಮಯದ ವಿಷಯದಲ್ಲಿ ಪುಸ್ತಕದ ಸಲಹೆ ಇಲ್ಲಿ ನಡೆಯುವುದಿಲ್ಲ. ರಾತ್ರಿ ವೇಕ್ ಆನ್ ಲ್ಯಾನ್, ಅಂದರೆ ಜಾಲದಿಂದ ಬರುವ ಸಂಕೇತದ ಮೂಲಕ ಕಂಪ್ಯೂಟರನ್ನು ಎಬ್ಬಿಸಿ ಎನ್ನುತ್ತಾರೆ. ನಮ್ಮ ಅಂಗಡಿಯವರು ಶಟರ್ ಎಳೆಯುವ ಮೊದಲು ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ, ಬೇಸಿಗೆಯಲ್ಲಂತೂ ಆರಿಸಲೇಬೇಕು. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತೇ ಸರಿ. ಮೊದಲ ಪೂರ್ತಿ ಬ್ಯಾಕಪ್ಪನ್ನು ರಜಾದಿನ ಕುಳಿತು ಮುಗಿಸಿದರೆ, ನಂತರ ಬದಲಾದ ಫೈಲುಗಳಷ್ಟೇ ಹೋಗುತ್ತವೆ.

ದಿನದಿನದ ಬ್ಯಾಕಪ್ ಹಗುರವಾದ್ದರಿಂದಲೇ ಕೇಬಲ್‌ನ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಗೊತ್ತಾಗುವುದು ಮರುಸ್ಥಾಪನೆಯ ದಿನ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿಯ ಆವಕ ಜೋರಾಗಿದ್ದಾಗ ಬಿಲ್ಲಿಂಗ್ ಕಂಪ್ಯೂಟರಿನ ಡಿಸ್ಕ್ ಹೋಯಿತು ಎನ್ನಿ. ಮರಳಿ ತರಬೇಕಾದದ್ದು 120 ಜಿಬಿ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ. ಡಿಸ್ಕ್‌ಗಳು ಚುರುಕಾಗಿದ್ದರೆ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಅದರ ಹತ್ತರಲ್ಲೊಂದು ವೇಗದ 100 ಎಂಬಿಪಿಎಸ್ ಜಾಲದಲ್ಲಿ ಅದಕ್ಕೇ ಸುಮಾರು ಮೂರು ಗಂಟೆ ಬೇಕು, ಅಷ್ಟೂ ಹೊತ್ತು ಹೊರಗೆ ರೈತರು ಕಾಯುತ್ತಿರುತ್ತಾರೆ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿಗಳು ಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದನ್ನು ಗೋದಾಮಿನ ಇಲಿ ಕಡಿದರೂ, ಕನೆಕ್ಟರಿನಲ್ಲಿ ಏಳನೆಯ ತಂತಿ ಸರಿಯಾಗಿ ಕೂರದಿದ್ದರೂ ಸಂಪರ್ಕ ಸಾಮಾನ್ಯವಾಗಿ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಇಂಟರ್ನೆಟ್ ಎಂದಿನಂತೆ ನಡೆಯುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸ್ಟೇಟಸ್ ಕಿಟಕಿ ತೆರೆದು ವೇಗದ ಸಾಲನ್ನು ಓದಿ. 1 ಜಿಬಿಪಿಎಸ್ ಎಂದಿರಬೇಕು.

ಹೀಗಾಗಿ ಗಂಜ್ ತಣ್ಣಗಿರುವ ತಿಂಗಳಲ್ಲಿ ಒಮ್ಮೆ ಖಾಲಿ ಡಿಸ್ಕ್ ಹಾಕಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಡೀ ಕಂಪ್ಯೂಟರನ್ನು ಸರ್ವರಿನಿಂದ ಮರಳಿ ತರಿಸಿ ನೋಡಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. ಮದರ್‌ಬೋರ್ಡ್ ಕೂಡ ಬದಲಾಗಿದ್ದರೆ ಬಯಾಸ್‌ನ (ಕಂಪ್ಯೂಟರ್ ಶುರುವಾಗುವಾಗ ಓಡುವ ಮೂಲ ತಂತ್ರಾಂಶದ) ಸ್ಟೋರೇಜ್ ಮೋಡ್, ಅಂದರೆ ಡಿಸ್ಕನ್ನು ಬಳಸುವ ವಿಧಾನ, ಯಾವುದೆಂದು ನೋಡಿ: ಹಳೆಯದರಲ್ಲಿ ಎಎಚ್‌ಸಿಐ ಇದ್ದು ಹೊಸದರಲ್ಲಿ ರೇಯ್ಡ್ ಇದ್ದರೆ, ಎಲ್ಲ ಫೈಲುಗಳೂ ಸರಿಯಾಗಿ ಬಂದಿದ್ದರೂ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಪ್ರತಿ ಕಂಪ್ಯೂಟರಿನ ಈ ಮೋಡ್ ಯಾವುದೆಂದು ಇಂದೇ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ.